ಬೋಣಿ ಆಗುವವರೆಗೆ

ಅಮೆರಿಕದ ಫೋರ್ಟ್ ಮಿಲ್ ಎಂಬ ಊರಿನ ಜನ ನಳಿನಿಯನ್ನು ಐದು ವರ್ಷ ಮಿಸ್ ಕಿಮ್ ಎಂದೇ ಕರೆದರು. ಅವರದೇನೂ ತಪ್ಪಿಲ್ಲ. ಅಂಗಡಿಯ ನೆತ್ತಿಯ ಮೇಲೆ ‘ಕಿಮ್ಸ್ ಆಲ್ಟರೇಷನ್ಸ್’ ಎಂದು ಕೆಂಪಕ್ಷರದ ಬೋರ್ಡಿತ್ತು. ಒಳಗೆ ಕೊರಳಿಗೆ ಟೇಪು ಹಾಕಿಕೊಂಡು, ಬಿಳಿಯಳೂ ಅಲ್ಲದ ಕರಿಯಳೂ ಅಲ್ಲದ ಹೆಂಗಸೊಬ್ಬಳು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಜನ ಇನ್ನೇನೆಂದುಕೊಳ್ಳಬೇಕು, ಪಾಪ? ನಿಜವಾದ ಕಿಮ್, ಕೊರಿಯಾದ ಗಟ್ಟಿಗಿತ್ತಿ, ಮಿಷನ್ನು, ಇಸ್ತ್ರಿಪೆಟ್ಟಿಗೆ, ಗುಂಡಿಯ ಡಬ್ಬಗಳ ಸಮೇತ ಅಂಗಡಿಯನ್ನು ಇವಳಿಗೆ ಮಾರಿ ಗಂಡನ ಜೊತೆ ಊರು ಬಿಟ್ಟಿದ್ದಳು. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ನಳಿನಿ ಬಾಗಿಲು ತೆರೆದ ಮೊದಲ ದಿನವೇ ಒಬ್ಬ ಒಳಗೆ ಬಂದು “ಗುಡ್ ಮಾರ್ನಿಂಗ್, ಮಿಸ್ ಕಿಮ್” ಅಂದ. ಅಲ್ಲ, ನಾನು ಅವಳಲ್ಲ ಎನ್ನಬೇಕಿತ್ತು. ಅನ್ನಲಿಲ್ಲ. ಬೋಣಿ ಆಗಿರಲಿಲ್ಲ.

ಬೋಣಿ ಅಂದರೇನು ಎಂದು ಪೇಟೆಯಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಮಾಲ್‌ಗಳಲ್ಲಿ ಬೆಳೆದವರಿಗಾಗಿ ಒಂದು ಮಾತು. ದಿನದ ಮೊದಲ ವ್ಯಾಪಾರವೇ ಬೋಣಿ. ಅದು ಆಗುವವರೆಗೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನಬಾರದು, ಬರಿಗೈಯಲ್ಲಿ ಕಳಿಸಬಾರದು, ಉದ್ರಿ ಕೊಡಬಾರದು. ಮೊದಲ ದುಡ್ಡು ಕೈಗೆ ಬಿದ್ದು, ಅದನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ ಮೇಲೆ ನಿಮ್ಮಿಷ್ಟ, ಬೇಕಾದರೆ ಗಿರಾಕಿಯ ಜೊತೆ ಕುಸ್ತಿ ಬೀಳಿ. ನಳಿನಿಯ ತಂದೆಗೆ ಬೆಂಗಳೂರಿನ ಬಳೇಪೇಟೆಯಲ್ಲಿ ಬಟ್ಟೆಯಂಗಡಿ ಇತ್ತು. ಒಂದು ದಿನ ಬೆಳಿಗ್ಗೆ ಬೋಣಿಗೆ ಮುಂಚೆ ಒಬ್ಬ ಬಂದು ಎದುರು ಸಾಲಿನ ಅಂಗಡಿಯ ದಾರಿ ಕೇಳಿದ. ಆ ಅಂಗಡಿಯವನಿಗೂ ಇವರಿಗೂ ಹಾವು ಮುಂಗುಸಿ. ಆದರೂ ಅಪ್ಪ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಆ ಮನುಷ್ಯನನ್ನು ವೈರಿಯ ಮೆಟ್ಟಿಲವರೆಗೆ ಬಿಟ್ಟು ಬಂದಿದ್ದರು. “ಬೋಣಿಗೆ ಮುಂಚೆ ಇಲ್ಲ ಅಂದ್ರೆ ಬಾಯಿಗೆ ಅದೇ ರೂಢಿ ಆಗ್ಹೋಗುತ್ತಮ್ಮ, ಸಾಯಂಕಾಲದವರೆಗೂ ಇಲ್ಲ ಇಲ್ಲ ಅಂತಲೇ ಇರುತ್ತೆ” ಎಂದು ಅವರು ಮಗಳಿಗೆ ವಿವರಿಸಿದ್ದರು. ಅಂಗಡಿಯ ಜಗಲಿಯ ಮೇಲೆ ಕೂರುತ್ತಿದ್ದ ದರ್ಜಿಯ ಹತ್ತಿರ ಹೊಲಿಗೆ ಕಲಿಯುತ್ತಿದ್ದ ಮಗಳು ಬೇರೆ ಏನನ್ನು ಮರೆತರೂ ಅದನ್ನು ಮರೆಯಲಿಲ್ಲ.

ನಳಿನಿಯ ವಿಷಯದಲ್ಲಿ ತಂದೆಯ ಲೆಕ್ಕ ಸ್ವಲ್ಪ ತಿರುವುಮುರುವಾಯಿತು. ಅವಳ ಬಾಯಿಗೆ ಹೂಂ ಎನ್ನುವುದೇ ರೂಢಿಯಾಗಿ, ಬೋಣಿಯಾದ ಮೇಲೂ, ಅಂಗಡಿ ಮುಚ್ಚಿದ ಮೇಲೂ, ಮನೆಯಲ್ಲೂ, ಕನ್ನಡ ಕೂಟದಲ್ಲೂ ಅದೇ ಹೊರಡುತ್ತಿತ್ತು. ಅವಳನ್ನು ಮದುವೆಯಾದ ಅಶ್ವತ್ಥನಿಗೆ ಇದರಿಂದ ಬಹಳ ಲಾಭವಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ಅವನಿಗೆ ಕೇಳಲು ಬರುತ್ತಿರಲಿಲ್ಲ. ಉಪ್ಪು ಬೇಕಾದರೆ ಉಪ್ಪಿನ ಕಡೆ ನೋಡುತ್ತ ಕೂರುವ ಜಾತಿ. ಒಮ್ಮೆ ಡರ್ಹಮ್ಮಿನಲ್ಲಿ ಯುಗಾದಿ ಕಾರ್ಯಕ್ರಮಕ್ಕೆಂದು ಹೆಂಡತಿ ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟವನು ದಾರಿ ತಪ್ಪಿ, ಯಾವ ಪೆಟ್ರೋಲ್ ಬಂಕಿನವನನ್ನೂ ಕೇಳದೆ ಮುಂದಿನ ರಾಜ್ಯ ವರ್ಜೀನಿಯಾ ಮುಟ್ಟಿದ್ದ. ಒಬ್ಬಳಿಗೆ ಇಲ್ಲ ಅನ್ನಲು ಬಾರದು, ಇನ್ನೊಬ್ಬನಿಗೆ ಕೇಳಲು ಬಾರದು. ಹೀಗಾಗಿ ಆ ಸಂಸಾರದಲ್ಲಿ ಇಪ್ಪತ್ತು ವರ್ಷ ಒಂದು ಜಗಳವೂ ಆಗಿರಲಿಲ್ಲ. ನೋಡಿದವರು ಪುಣ್ಯವಂತರು ಎನ್ನುತ್ತಿದ್ದರು.

ಅಶ್ವತ್ಥ ಮೊದಲು ಓದಲು ಬಂದ, ಆಮೇಲೆ ಷಾರ್ಲಟ್ಟಿನ ಬ್ಯಾಂಕೊಂದರಲ್ಲಿ ಪ್ರೋಗ್ರಾಮರ್ ಆದ, ಬಾಡಿಗೆ ಕಡಿಮೆ ಎಂದು ಗಡಿ ದಾಟಿ ಸೌತ್ ಕ್ಯಾರೊಲಿನಾದ ಫೋರ್ಟ್ ಮಿಲ್ಲಿನಲ್ಲಿ ಮನೆ ಮಾಡಿದ. ಗಂಡನ ವೀಸಾದ ಬಾಲ ಹಿಡಿದು ಬಂದ ಹೆಂಡತಿ ಆ ದೇಶದಲ್ಲಿ ಉಸಿರಾಡಬಹುದು, ಅಡುಗೆ ಮಾಡಬಹುದು, ದುಡಿದು ಕಾಸು ಮುಟ್ಟುವ ಹಾಗಿಲ್ಲ. ಅದು ಕಾನೂನು. ನಮ್ಮ ಹೆಂಗಸರಿಗೆ ಈ ಕಾನೂನು ಬಹಳ ಹಿಡಿಸಿತು. ಷಾರ್ಲಟ್ಟಿನ ಡಾಕ್ಟರ ಹೆಂಡತಿಯರು ಸಾಲಾಗಿ ಬ್ಲೌಸ್ ಪೀಸ್ ಹಿಡಿದು ಬರುವರು. “ನೀವು ತಗೊಳೋ ಹಾಗಿಲ್ಲ ಅಲ್ವಾ ನಳಿನಿ, ಇಲ್ದಿದ್ರೆ ಕೊಡ್ತಿದ್ದೆ” ಎಂದು ಮರುಗುವರು. ನಳಿನಿ ಹೊಲಿದಳು. ವರ್ಷಗಟ್ಟಲೆ ಹೊಲಿದಳು. ಕೊನೆಗೆ ಗ್ರೀನ್ ಕಾರ್ಡ್ ಬಂತು, ತಗೊಳ್ಳುವ ಹಾಗಾಯಿತು. ಡಾಕ್ಟರ ಹೆಂಡತಿಯರು ಆ ಸುದ್ದಿ ಕೇಳಿ ಸಂತೋಷಪಟ್ಟು ಮತ್ತೆ ಪುಕ್ಕಟೆ ಹೊಲಿಸಿಕೊಂಡರು. ಆಗಲೇ ನಳಿನಿ ಕಿಮ್‌ಳ ಅಂಗಡಿ ತಗೊಂಡದ್ದು. ಈ ದೇಶದಲ್ಲಿ ಅವಳ ಸ್ವಂತದ್ದು ಅಂತ ಇದ್ದದ್ದು ಅದೊಂದೇ. ಅದರ ಮೇಲೂ ಬೇರೆಯವಳ ಹೆಸರಿತ್ತು, ಅದು ಬೇರೆ ಮಾತು.

ಅಂಗಡಿಯಿದ್ದದ್ದು ರಸ್ತೆಗೆ ಮುಖ ಮಾಡಿದ ಸ್ಟ್ರಿಪ್ ಮಾಲ್ ಎಂಬ ಅಂಗಡಿಸಾಲಿನಲ್ಲಿ, ಒಂದು ಪಕ್ಕ ಹಾರ್ಡ್‌ವೇರ್ ಅಂಗಡಿ, ಇನ್ನೊಂದು ಪಕ್ಕ ಖಾಲಿ. ಮುಂದೆ ಅಗಲ ಗಾಜು. ಆ ಗಾಜಿನ ಬೆಳಕಿನಲ್ಲಿ ಕೂತು ನಳಿನಿ ಪ್ಯಾಂಟು ಮೋಟು ಮಾಡಿದಳು, ಜಿಪ್ಪು ಬದಲಿಸಿದಳು, ಪೊಲೀಸರ ಅಂಗಿಗೆ ಪಟ್ಟಿ ಹೊಲಿದಳು, ಮದುವೆಗೆ ಮುಂಚೆ ದಪ್ಪಗಾದ ಹುಡುಗಿಯರ ಬಿಳಿ ಗೌನುಗಳನ್ನು ಯಾರಿಗೂ ಗೊತ್ತಾಗದಂತೆ ಸಡಿಲಿಸಿದಳು. ಮೊದಮೊದಲು ಕೆಲವರು ಒಳಗೆ ಬಂದು ಅವಳನ್ನು ದಾಟಿ ಹಿಂದಿನ ಪರದೆಯ ಕಡೆ ನೋಡಿ “ಓನರ್ ಎಲ್ಲಿ?” ಎನ್ನುತ್ತಿದ್ದರು. ಬೋಣಿ ಹೊತ್ತಾದರೆ ಅದಕ್ಕೂ ಇಲ್ಲ ಎನ್ನುವಂತಿಲ್ಲವಲ್ಲ. “ಬರ್ತಾರೆ, ಕೂತ್ಕೊಳ್ಳಿ” ಎಂದು ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು, ಹೊರಗೆ ಬಂದು, “ಹೇಳಿ, ನಾನೇ ಓನರ್” ಎನ್ನುವಳು. ಅವರು ಎದ್ದು ನಿಂತು ಕೈ ಕುಲುಕುವರು.

ಬೋಣಿಯ ದೆಸೆಯಿಂದ ಅವಳು ಹೊಲಿದ ಪದಾರ್ಥಗಳನ್ನು ಹೇಳಿದರೆ ನಂಬುವುದು ಕಷ್ಟ. ಒಬ್ಬ ಬೆಳಿಗ್ಗೆಯೇ ಬೇಟೆನಾಯಿಯನ್ನು ಕರೆತಂದು ಅದರ ಕೋಟು ಬಿಗಿಯಾಗುತ್ತದೆ ಎಂದ. ನಳಿನಿ ನಾಯಿಯ ಎದೆ ಅಳತೆ ತಗೊಂಡಳು. ಇನ್ನೊಬ್ಬ ದೋಣಿಯ ಹೊದಿಕೆ ತಂದ. ಅದರ ಅರ್ಧ ಒಳಗೆ, ಅರ್ಧ ಪಾರ್ಕಿಂಗ್ ಲಾಟಿನಲ್ಲಿ ಬಿದ್ದಿದ್ದಾಗಲೇ ಹೊಲಿಗೆ ಮುಗಿಯಿತು. ಹೈಸ್ಕೂಲಿನವರು ಫುಟ್ಬಾಲ್ ತಂಡದ ಹಳದಿ ಗೊಂಬೆವೇಷದ ತಲೆ ತಂದು ಕಿವಿ ಕಿತ್ತುಹೋಗಿದೆ ಎಂದರು. ಕಿವಿಯೂ ಬಂತು. ಇದೇ ಜನ ಹತ್ತು ಗಂಟೆಯ ಮೇಲೆ ಬಂದಿದ್ದರೆ ಅವಳು ಇಲ್ಲ ಅನ್ನಬಹುದಿತ್ತು. ಅಂತಿರಲಿಲ್ಲ, ಆದರೂ ಅನ್ನಬಹುದಿತ್ತು.

ಇದನ್ನೆಲ್ಲ ಮೊದಲು ಗಮನಿಸಿದವಳು ಮಿಸ್ ಅರ್ಲೀನ್. ಹಳೇ ಬಟ್ಟೆ ಮಿಲ್ಲಿನಲ್ಲಿ ನೂಲು ಸುತ್ತಿ ರಿಟೈರ್ ಆದ ಕಪ್ಪು ಮುದುಕಿ, ಚರ್ಚಿನ ಹಾಡುಗಾರರ ತಂಡಕ್ಕೆ ಯಜಮಾನಿ. ಪ್ರತಿ ಶನಿವಾರ ಬಾಗಿಲು ತೆರೆಯುವ ಮುಂಚೆ ಹಾಡುಗಾರರ ನಿಲುವಂಗಿಯೊಂದನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿರುತ್ತಿದ್ದಳು. ಒಂದು ದಿನ ಅವಳು ಕೊಟ್ಟ ನೋಟನ್ನು ನಳಿನಿ ಕಣ್ಣಿಗೊತ್ತಿಕೊಳ್ಳುವುದನ್ನು ನೋಡಿ, ಇದೇನು ಎಂದು ಕೇಳಿದಳು. ನಳಿನಿ ತನ್ನ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಮುದುಕಿ ತಲೆಯಾಡಿಸಿ, ನಮ್ಮ ಬೈಬಲ್ಲಿನಲ್ಲೂ ಬೆಳೆಯ ಮೊದಲ ಹಿಡಿ ದೇವರದು, ನಿನ್ನಪ್ಪ ಸರಿಯಾಗೇ ಕಲಿಸಿದ್ದಾನೆ ಅಂದಳು. ಅಲ್ಲಿಂದ ಮುಂದೆ ಆ ಪುಣ್ಯಾತ್ಗಿತ್ತಿ ಬಂದ ಶನಿವಾರ ಸಂಜೆಯವರೆಗೆ ಕೈಬಿಡುವಿಲ್ಲದ ವ್ಯಾಪಾರ. ಮುದುಕಿಯ ಕೈಗುಣ ದೊಡ್ಡದು ಎಂದು ನಳಿನಿ ನಂಬಿದಳು. ಶನಿವಾರ ಎಲ್ಲ ಅಂಗಡಿಗೂ ವ್ಯಾಪಾರವಾಗುತ್ತದೆ ಎಂದು ಅಶ್ವತ್ಥ ಹೇಳಬಹುದಿತ್ತು. ಹೇಳಲಿಲ್ಲ.

ಕನ್ನಡ ಕೂಟಕ್ಕೆ ಬೋಣಿ ತಲುಪಿದ್ದು ಶ್ರೀಲತಾ ಮೂಲಕ. ಹೃದಯದ ಡಾಕ್ಟರ ಹೆಂಡತಿ ಈಕೆ, ದೊಡ್ಡ ಮನಸ್ಸು, ಚಿಕ್ಕ ಪರ್ಸು. ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಬ್ಲೌಸುಗಳ ಗಂಟು ಹಿಡಿದು ಅಂಗಡಿಗೇ ಬಂದಳು.

“ಎಲ್ಲಾ ಸ್ವಲ್ಪ ಲೂಸ್ ಮಾಡ್ಕೊಡು ನಳಿನಿ. ಡ್ರೈಯರ್‌ಗೆ ಹಾಕಿ ಶ್ರಿಂಕ್ ಆಗ್ಬಿಟ್ಟಿವೆ.”

“ಕೊಡಿ. ಆದ್ರೆ ಬೋಣಿ, ಏನಾದ್ರೂ ಕೈಗೆ ಹಾಕ್ಬೇಕು. ಉದ್ರಿ ಆಗಲ್ಲ.”

ಶ್ರೀಲತಾ ಪರ್ಸಿನ ತಳ ಕೆದಕಿ ಒಂದು ಕ್ವಾರ್ಟರ್, ಅಂದರೆ ಕಾಲು ಡಾಲರ್, ತೆಗೆದಳು. ನಳಿನಿ ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು. ಮುಂದಿನ ಭಾನುವಾರ ಎಲ್ಲರೂ ಒಂದೊಂದು ಅಡುಗೆ ತರುವ ಕೂಟದ ಪಾಟ್‌ಲಕ್ ಊಟದಲ್ಲಿ ಶ್ರೀಲತಾ ಎಲ್ಲರಿಗೂ ಕೇಳಿಸುವಂತೆ, ನಮ್ಮ ನಳಿನಿ ಈಗ ಚಾರ್ಜ್ ಮಾಡ್ತಾಳೆ, ಆದ್ರೂ ರೀಸನಬಲ್ ಎಂದು ಹೇಳಿದಳು.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ, ಮಗ ನೀಲ್ ಕಾಲೇಜು ಸೇರಿ ಅಲ್ಲಿನ ಹಾಸ್ಟೆಲ್ಲಿಗೆ ಹೋದ ವರ್ಷ, ತೊಂಬತ್ತಾರರಲ್ಲಿ, ಅಶ್ವತ್ಥನಿಗೆ ಅಟ್ಲಾಂಟಾದ ಹತ್ತಿರ, ಜಾನ್ಸ್ ಕ್ರೀಕಿನಲ್ಲಿ ಹೊಸ ಕೆಲಸ ಸಿಕ್ಕಿತು. ಮ್ಯಾನೇಜರ್ ಕೆಲಸ. ಬ್ಯಾಂಕಿನಲ್ಲಿ ಅವನ ವಿಭಾಗವನ್ನೇ ಎತ್ತಿಬಿಡುವ ಸುದ್ದಿಯಿತ್ತು, ಬೇಡ ಎನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ. ಅವನು ಸುದ್ದಿ ಹೇಳಿದ್ದು ಊಟದ ಮಧ್ಯೆ.

“ಜಾನ್ಸ್ ಕ್ರೀಕಲ್ಲಿ ನಮ್ಮವರು ಬಹಳ ಜನ ಇದಾರಂತೆ” ಅಂದ.

“ಹೌದಾ” ಅಂದಳು ನಳಿನಿ.

“ಮನೆಗಳೂ ದೊಡ್ಡವಂತೆ.”

“ಒಳ್ಳೇದಾಯ್ತಲ್ಲ.”

ಅಷ್ಟೇ. ಅವನು ಮಜ್ಜಿಗೆಯ ಕಡೆ ನೋಡಿದ, ಅವಳು ಬಡಿಸಿದಳು. ಅಂಗಡಿಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಆದರೆ ಆವತ್ತಿನಿಂದ ನಳಿನಿಗೆ ಒಂದೇ ಭಯ. ಇವರು ಒಂದು ದಿನ ಕೇಳೇ ಕೇಳುತ್ತಾರೆ, ಅಂಗಡಿ ಮುಚ್ಚಿ ಬಾ ಅಂತ. ಕೇಳಿದರೆ ತನ್ನ ಬಾಯಿಂದ ಏನು ಹೊರಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹೂಂ ಎಂದು ಹೊರಡುತ್ತದೆ. ಆಮೇಲೆ ಇನ್ನೊಂದು ಊರಿನ ದೊಡ್ಡ ಮನೆಯಲ್ಲಿ ಕೂತು, ಹೊಸ ಡಾಕ್ಟರ ಹೆಂಡತಿಯರಿಗೆ ಹಳೆಯ ರೇಟಿನಲ್ಲಿ ಬ್ಲೌಸು ಹೊಲಿಯುವುದು. ಅಂಗಡಿ ಬಿಟ್ಟು ಹೋಗಲು ಅವಳಿಗೆ ಒಂದಿಷ್ಟೂ ಮನಸ್ಸಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಹಾಗೆ ಎರಡು ವಾರ ಕಳೆಯಿತು. ಅಶ್ವತ್ಥ ಉಪ್ಪು, ಹುಳಿ, ಗೋಡೆ, ಟಿ.ವಿ. ಎಲ್ಲದರ ಕಡೆ ನೋಡಿದ. ಕೇಳಲಿಲ್ಲ.

ಕೇಳಿದವನು ಮಿಸ್ಟರ್ ಗ್ಯಾಡಿ. ಆ ಸ್ಟ್ರಿಪ್ ಮಾಲ್‌ನ ಮಾಲೀಕ, ಎತ್ತರದ ಆಸಾಮಿ, ಮಾತೆಲ್ಲ ಜೇನು ಸವರಿದ್ದು. ಒಂದು ಮಂಗಳವಾರ ನಳಿನಿ ಬಾಗಿಲಿನ ಬೋರ್ಡನ್ನು ‘ಓಪನ್’ ಕಡೆ ತಿರುಗಿಸುವುದಕ್ಕೂ ಅವನು ಟೋಪಿ ತೆಗೆದು ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಐದು ವರ್ಷದಲ್ಲಿ ಅವನು ಬೆಳಿಗ್ಗೆ ಬಂದದ್ದೇ ಇಲ್ಲ. ಬಾಡಿಗೆಯ ಚೆಕ್ಕನ್ನು ಅಶ್ವತ್ಥನೇ ಪ್ರತಿ ತಿಂಗಳು ಅವನ ಆಫೀಸಿಗೆ ಮುಟ್ಟಿಸುತ್ತಿದ್ದ.

“ಮಿಸ್ ಕಿಮ್,” ಅಂದ ಅವನು. ಲೀಸಿನ ಮೇಲೆ ಅವಳ ಹೆಸರು ಟೈಪು ಮಾಡಿಸಿದವನೇ ಅವನು. “ನಿಮ್ಮಿಂದ ಒಂದು ಉಪಕಾರ ಆಗಬೇಕು.”

ವಿಷಯ ಇಷ್ಟು. ದೊಡ್ಡ ವಿಡಿಯೋ ಅಂಗಡಿಯವರೊಬ್ಬರು ಇವಳದನ್ನೂ ಪಕ್ಕದ ಖಾಲಿ ಅಂಗಡಿಯನ್ನೂ ಸೇರಿಸಿ ಕೇಳುತ್ತಿದ್ದಾರೆ. ಇವಳ ಲೀಸು ಇನ್ನೂ ಮೂರು ವರ್ಷ ಇದೆ. ಇವಳಾಗಿ ಬಿಟ್ಟುಕೊಡುತ್ತೇನೆ ಎಂದು ಸಹಿ ಹಾಕಿದರೆ ಕೆಲಸ ಸಲೀಸು. ಬೇಕಿದ್ದರೆ ಕಟ್ಟಡದ ಹಿಂಭಾಗದಲ್ಲಿ, ಕಸದ ತೊಟ್ಟಿಯ ಪಕ್ಕದಲ್ಲಿ, ಕಿಟಕಿ ಇಲ್ಲದ ಒಂದು ಕೋಣೆ ಇದೆ. ಆದರೆ ಹೇಗೂ ನೀವು ಅಟ್ಲಾಂಟಾಕ್ಕೆ ಹೋಗುತ್ತೀರಂತಲ್ಲ, ಎಂದು ಅವನು ಕಾಗದವನ್ನು ಕೌಂಟರಿನ ಮೇಲಿಟ್ಟು ಅದರ ಮೇಲೆ ಪೆನ್ನು ಇಟ್ಟ.

“ಅಟ್ಲಾಂಟಾ ವಿಷಯ ನಿಮಗೆ ಯಾರು ಹೇಳಿದ್ದು?”

“ನಿಮ್ಮ ಯಜಮಾನರೇ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕೇಳಿ, ಮೊದಲು ಬಂದವರಿಗೆ ಅವಳು ಇಲ್ಲ ಅನ್ನಲ್ಲ ಅಂತ ಹೇಳಿದ್ರು. ಅದಕ್ಕೇ ಇಷ್ಟು ಬೇಗ ಎದ್ದು ಬಂದೆ.” ತನ್ನ ಜಾಣತನಕ್ಕೆ ತಾನೇ ಮೆಚ್ಚಿ ನಕ್ಕ.

ನಳಿನಿಗೆ ಕಿವಿಯವರೆಗೆ ಬಿಸಿಯೇರಿತು. ಬೋಣಿಯ ವಿಷಯ ಅವಳು ಅಶ್ವತ್ಥನಿಗೆ ಹೇಳಿದ್ದು ಮದುವೆಯಾದ ಹೊಸತರಲ್ಲಿ, ಅಪ್ಪನ ಕಥೆ ಹೇಳುತ್ತ. ಮನೆಯ ಕೀಲಿಕೈಯನ್ನು ದಾರಿಯಲ್ಲಿ ಹೋಗುವವನ ಕೈಗೆ ಕೊಟ್ಟುಬಿಟ್ಟನಲ್ಲ ಈ ಮನುಷ್ಯ! ಅಳು ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. ಆದರೂ ಇಲ್ಲ ಎನ್ನಲು ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಹೇಗೆ ಹೊರಡುತ್ತದೆ? ಗಲ್ಲಾಪೆಟ್ಟಿಗೆ ಇನ್ನೂ ಖಾಲಿ. ಬಳೇಪೇಟೆಯ ಅಪ್ಪ ಕಣ್ಣ ಮುಂದೆಯೇ ಚಪ್ಪಲಿ ಮೆಟ್ಟಿಕೊಂಡು ವೈರಿಯ ಅಂಗಡಿಗೆ ಹೊರಟಿದ್ದರು.

ಅವಳು ಪೆನ್ನು ಕೈಗೆತ್ತಿಕೊಂಡಳು. ಗ್ಯಾಡಿ ಎಲ್ಲಿ ಸಹಿ ಹಾಕಬೇಕೆಂದು ತೋರಿಸಲು ತೋಳು ಚಾಚಿದ. ಕೋಟಿನ ತೋಳಿನೊಳಗಿನ ಲೈನಿಂಗು ಹೊಲಿಗೆ ಬಿಚ್ಚಿ ಕಾಗದದ ಮೇಲೆ ನಾಲಿಗೆ ಚಾಚಿತು.

ನಳಿನಿ ಪೆನ್ನು ಕೆಳಗಿಟ್ಟಳು.

“ಕೋಟು ಬಿಚ್ಚಿ” ಅಂದಳು.

“ಪರವಾಗಿಲ್ಲ ಮಿಸ್ ಕಿಮ್, ಅದು ಹಾಗೇ ಇದೆ ಎಷ್ಟೋ ದಿನದಿಂದ.”

“ಮೊದಲು ಬಂದವರಿಗೆ ಇಲ್ಲ ಅನ್ನಲ್ಲ ನಾನು. ನಿಮ್ಮ ಕೆಲಸ ಮಾಡಿಕೊಡದೆ ಕಳಿಸೋ ಹಾಗಿಲ್ಲ. ಬಿಚ್ಚಿ.”

ಅವಳ ದನಿಯಲ್ಲಿ ಏನಿತ್ತೋ, ಮಾಲೀಕ ಬಿಚ್ಚಿಕೊಟ್ಟ. ಅಂಗಿಯ ತೋಳಿನಲ್ಲಿ ಗಿರಾಕಿಗಳ ಕುರ್ಚಿಯ ಮೇಲೆ ಕೂತು ಕಾದ. ನಳಿನಿ ಬಣ್ಣ ಹೊಂದುವ ದಾರ ಹುಡುಕಿ, ಸೂಜಿಗೆ ಪೋಣಿಸಿ, ಹೊರಗೆ ಒಂದು ಎಳೆಯೂ ಕಾಣದಂತೆ ಕೈಹೊಲಿಗೆ ಹಾಕಿದಳು. ಆತುರ ಮಾಡಲಿಲ್ಲ. ಹೆಂಡತಿಯಿದ್ದೂ ಈ ಮನುಷ್ಯ ಹೀಗೆ ಓಡಾಡುತ್ತಾನಲ್ಲ ಎಂದು ಆ ಸಂಕಟದಲ್ಲೂ ಅವಳಿಗೆ ಅನ್ನಿಸಿತು. ಇನ್ನೊಂದು ತೋಳೂ ಬಿಚ್ಚುವುದರಲ್ಲಿತ್ತು, ಅದನ್ನೂ ಹೊಲಿದಳು. ಇಸ್ತ್ರಿ ಆಡಿಸಿ ಕೈಗೆ ಕೊಟ್ಟಳು.

“ಒಂದು ಡಾಲರ್.”

ಗ್ಯಾಡಿ ಜೋರಾಗಿ ನಕ್ಕು ಡಾಲರ್ ತೆಗೆದುಕೊಟ್ಟ. ನಳಿನಿ ಅದನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಗಲ್ಲಾಪೆಟ್ಟಿಗೆಗೆ ಹಾಕಿ ಮುಚ್ಚಿದಳು.

“ಈಗ ಹೇಳಿ, ಏನೋ ಉಪಕಾರ ಅಂದ್ರಿ?”

“ಅದೇ, ಈ ಸಹಿ.”

“ಇಲ್ಲ” ಅಂದಳು ನಳಿನಿ.

ಗ್ಯಾಡಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನಳಿನಿಗೂ ಅರ್ಥವಾಗಿರಲಿಲ್ಲ. ಆ ಮಾತು ಇಷ್ಟು ಸಣ್ಣದು, ಇಷ್ಟು ಸುಲಭವಾಗಿ ಬಾಯಿಂದ ಬೀಳುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಪರೀಕ್ಷೆಗೆಂಬಂತೆ ಇನ್ನೊಮ್ಮೆ ಅಂದಳು. ಮತ್ತೆಯೂ ಬಂತು.

“ಆದ್ರೆ ನಿಮ್ಮ ಯಜಮಾನರು ಹೇಳಿದ್ರು...”

“ಅವರು ಹೇಳಿದ್ದು ಬೋಣಿಗೆ ಮುಂಚಿನ ಮಾತು. ಈಗ ಆಗಿದೆ. ಲೀಸು ಇನ್ನೂ ಮೂರು ವರ್ಷ ಇದೆ. ಮತ್ತೆ, ನನ್ನ ಹೆಸರು ನಳಿನಿ.”

ಗ್ಯಾಡಿ ಕಾಗದ ಮಡಚಿಕೊಂಡು, ರಿಪೇರಿಯಾದ ಕೋಟು ಹಾಕಿಕೊಂಡು ಹೊರಟ. ಬಾಗಿಲ ಹತ್ತಿರ ನಿಂತು ತೋಳನ್ನು ತಿರುಗಿಸಿ ನೋಡಿ, ಕೆಲಸ ಚೆನ್ನಾಗಿದೆ ಅಂದ. ಅವನು ಹೋದ ಮೇಲೆ ನಳಿನಿ ಪರದೆಯ ಹಿಂದೆ ಹೋಗಿ ಬಟನ್ನಿನ ಡಬ್ಬಗಳ ಮಧ್ಯೆ ಕೂತು ಅತ್ತಳು. ಅಳು ಗ್ಯಾಡಿಗಾಗಿ ಅಲ್ಲ.

ಸಾಯಂಕಾಲ ಅಶ್ವತ್ಥ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಅದನ್ನು ನೋಡಿಯೇ ಅವನ ಮುಖ ಬಿಳಿಚಿತು. ಗ್ಯಾಡಿ ಬೆಳಿಗ್ಗೆ ಹೋಗಿರಬೇಕು ಎಂಬುದು ಅವನಿಗೆ ಹೊಳೆಯಿತು.

“ನೀವಾ ಅವನಿಗೆ ಹೇಳಿದ್ದು, ಬೋಣಿ ಹೊತ್ತಿಗೆ ಹೋಗು ಅಂತ?”

“ಹೂಂ.”

“ಯಾಕ್ರೀ?”

ಅವನು ಫ್ರಿಜ್ಜಿನ ಕಡೆ ನೋಡಿದ. “ನಾನು ಕೇಳಿದ್ರೆ ನೀನು ಹೂಂ ಅಂದ್ಬಿಡ್ತಿದ್ದೆ, ನಳಿನಿ.”

“ಅವನು ಕೇಳಿದ್ರೂ ಹೂಂ ಅಂತೀನಿ ಅಂತ ತಾನೇ ಕಳಿಸಿದ್ದು?”

“ಅವನಿಗೆ ಹೂಂ ಅಂದಿದ್ರೆ ಬೈಕೊಳ್ಳೋಕೆ ಅವನಿರ್ತಿದ್ದ. ನಂಗೆ ಹೂಂ ಅಂದಿದ್ರೆ... ನೀನು ಜನ್ಮದಲ್ಲಿ ಬೈತಿರ್ಲಿಲ್ಲ. ಸುಮ್ನೆ ಬಂದು ಅಲ್ಲಿ ಕೂತಿರ್ತಿದ್ದೆ. ಅದನ್ನ ನೋಡ್ಕೊಂಡಿರೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ.”

ಅಷ್ಟುದ್ದದ ಮಾತನ್ನು ಅಶ್ವತ್ಥ ಅದುವರೆಗೆ ಮನೆಯಲ್ಲಿ ಆಡಿರಲಿಲ್ಲ. ಬೇರೆ ದಿನವಾಗಿದ್ದರೆ ನಳಿನಿಗೆ ಕರುಣೆ ಬರುತ್ತಿತ್ತು. ಆವತ್ತು ಬರಲಿಲ್ಲ.

“ನನ್ನ ಬೋಣಿ ಮಾರ್ಕೊಂಡ್ಬಿಟ್ರಲ್ರೀ ನೀವು” ಅಂದಳು. “ನಮ್ಮಪ್ಪನ ಮಾತು ಅದು. ನಂಬಿ ನಿಮಗೆ ಹೇಳಿದ್ದೆ. ನಾಚಿಕೆ ಆಗ್ಬೇಕು ನಿಮಗೆ. ಸಹಿ ಹಾಕ್ಲಿಲ್ಲ ನಾನು.”

“ಹಾಕ್ಲಿಲ್ವಾ?”

“ಅವನ ಕೋಟು ಹೊಲಿದು, ದುಡ್ಡು ಈಸ್ಕೊಂಡು, ಬೋಣಿ ಮುಗಿಸಿ, ಆಮೇಲೆ ಇಲ್ಲ ಅಂದೆ.”

ಇಪ್ಪತ್ತು ವರ್ಷದ ಸಂಸಾರದ ಮೊದಲ ಜಗಳ ಅದು. ಇಬ್ಬರಿಗೂ ಅಭ್ಯಾಸವಿಲ್ಲದ್ದರಿಂದ ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನು ಅನ್ನಕ್ಕಿಟ್ಟ. ನೀರು ಜಾಸ್ತಿಯಾಗಿ ಗಂಜಿಯಾಯಿತು. ಇಬ್ಬರೂ ಅದನ್ನೇ ಉಪ್ಪಿನಕಾಯಿ ನೆಂಚಿಕೊಂಡು ತಿಂದರು.

ಅಶ್ವತ್ಥ ಆ ಶನಿವಾರವೇ ಹೊರಡಬೇಕು, ಸೋಮವಾರ ಹೊಸ ಆಫೀಸಿಗೆ ಹಾಜರಾಗಬೇಕು. ಅವನು ತನ್ನ ಬಟ್ಟೆಗಳನ್ನು ಮಾತ್ರ ಪೆಟ್ಟಿಗೆಗೆ ತುಂಬಿದ. ಗಂಡ ಬೇಡ ಎಂದಲ್ಲ ಅವಳಿಗೆ. ಬೇಕು. ಅಂಗಡಿಯೂ ಬೇಕು. ಇದರಲ್ಲಿ ಯಾವುದೂ ಅನ್ಯಾಯದ ಆಸೆ ಎಂದು ಅವಳಿಗೆ ಅನ್ನಿಸಲಿಲ್ಲ. ಆದರೆ ಅವನು ಒಮ್ಮೆ ಬಾಯಿಬಿಟ್ಟು ಕೇಳಿಬಿಟ್ಟರೆ ಎಲ್ಲ ಮುಗಿಯಿತು. ಗ್ಯಾಡಿಗೆ ಇಲ್ಲ ಅಂದಷ್ಟು ಸುಲಭವಾಗಿ ಗಂಡನಿಗೆ ಅನ್ನುವ ಧೈರ್ಯ ಅವಳಲ್ಲಿರಲಿಲ್ಲ. ಕಾರು ಹೊರಡುವವರೆಗೆ ಅವನು ಕೇಳದಿದ್ದರೆ ಸಾಕು ಎಂದು ದೇವರನ್ನು ಬೇಡಿಕೊಂಡಳು. ಅವನ ಸ್ವಭಾವ ಗೊತ್ತಿದ್ದರಿಂದ ದೇವರಿಗೆ ಕಷ್ಟದ ಕೆಲಸವೇನೂ ಇದ್ದಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಅವನು ಇನ್ನೂ ಸ್ನಾನ ಮಾಡುತ್ತಿದ್ದಾಗಲೇ ನಳಿನಿ ತನ್ನ ಕಾರು ತೆಗೆದುಕೊಂಡು ಅಂಗಡಿಗೆ ಬಂದುಬಿಟ್ಟಳು. ಹೋಗಿಬನ್ನಿ ಎಂದು ಹೇಳುವ ಧೈರ್ಯವೂ ಆಗಲಿಲ್ಲ. ಗಾಜು ಒರೆಸಿದಳು, ಮಿಷನ್ನಿಗೆ ಎಣ್ಣೆ ಬಿಟ್ಟಳು. ಹೊರಗೆ ಎಂದಿನಂತೆ ಮಿಸ್ ಅರ್ಲೀನ್ ನಿಲುವಂಗಿ ಹೊತ್ತು ನಿಂತಿದ್ದಳು. ನಳಿನಿ ಬೋರ್ಡು ತಿರುಗಿಸಲು ಹೋಗುವಾಗ ಹಿಂದಿನ ಸೀಟಿನ ತುಂಬ ಪೆಟ್ಟಿಗೆ ಹೇರಿಕೊಂಡ ಅಶ್ವತ್ಥನ ಕಾರು ಬಂದು ನಿಂತಿತು.

ಅವನು ಇಳಿದು ಬಂದು ಮುದುಕಿಯ ಹಿಂದೆ ಸಾಲಿನಲ್ಲಿ ನಿಂತ. ಮಿಸ್ ಅರ್ಲೀನ್ ಕಾರಿನೊಳಗಿನ ಪೆಟ್ಟಿಗೆಗಳನ್ನು ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಅಂದಳು:

“ನೀನು ಮೊದಲು ಹೋಗಪ್ಪ. ನನಗೇನೂ ಅವಸರ ಇಲ್ಲ.”

ಬೇಡ, ನೀವೇ ಬನ್ನಿ ಎಂದು ನಳಿನಿಗೆ ಮುದುಕಿಯನ್ನು ಕೂಗಬೇಕೆನ್ನಿಸಿತು. ಮೊದಲು ಹೊಸ್ತಿಲು ದಾಟಿದವನನ್ನು ಹಿಂದಕ್ಕೆ ಕಳಿಸುವುದು ಎಲ್ಲಾದರೂ ಉಂಟೆ? ಅಶ್ವತ್ಥ ಒಳಗೆ ಬಂದ. ಇಡೀ ದಿನದಲ್ಲಿ ಅವಳು ಇಲ್ಲ ಎನ್ನಲಾಗದ ಹೊತ್ತು ಅದೊಂದೇ, ಅದು ಅವನಿಗೆ ಗೊತ್ತು, ಅವನಿಗೆ ಗೊತ್ತೆಂದು ಅವಳಿಗೆ ಗೊತ್ತು. ಮುಗಿಯಿತು ನನ್ನ ಅಂಗಡಿ ಅಂದುಕೊಂಡಳು.

ಅವನು ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ಹೊಸ ಪ್ಯಾಂಟೊಂದನ್ನು ತೆಗೆದು ಕೌಂಟರಿನ ಮೇಲಿಟ್ಟ.

“ಸೋಮವಾರಕ್ಕೆ ಅಂತ ತಗೊಂಡೆ. ಉದ್ದ ಆಗುತ್ತೆ. ಸ್ವಲ್ಪ ಮಡಚಿ ಹೊಲಿದುಕೊಡ್ತೀಯಾ?”

ಅವಳು ಹೂಂ ಅಂದಳು. ಅವನ ಅಳತೆ ತೆಗೆಯುವ ಅಗತ್ಯವಿರಲಿಲ್ಲ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿಸಿ, ಮಡಚಿ, ಮಿಷನ್ನಿಗೆ ಕೊಟ್ಟಳು. ಕಣ್ಣು ಮಂಜಾಗಿ ಒಂದು ಕಾಲಿನ ಹೊಲಿಗೆ ವಕ್ರವಾಯಿತು, ಬಿಚ್ಚಿ ಮತ್ತೆ ಹೊಲಿದಳು. ಅವನು ಗಿರಾಕಿಗಳ ಕುರ್ಚಿಯ ಮೇಲೆ ಕೈಕಟ್ಟಿ ಕೂತಿದ್ದ. ಗಾಜಿನಾಚೆ ಮಿಸ್ ಅರ್ಲೀನ್ ಆಕಾಶ ನೋಡುತ್ತಿದ್ದಳು.

“ಎಷ್ಟು?” ಅಂದ ಅಶ್ವತ್ಥ.

ಅವಳು ಎಲ್ಲರಿಗೂ ಹೇಳುವ ರೇಟೇ ಹೇಳಿದಳು. ಅವನು ಎಣಿಸಿ ಕೈಗಿಟ್ಟ. ಅವಳು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದಳು. ಪೆಟ್ಟಿಗೆ ಮುಚ್ಚಿದ ಸದ್ದಾಗುವವರೆಗೆ ಅವನು ಕಾದ.

“ಬೋಣಿ ಆಯ್ತಾ?”

“ಆಯ್ತು.”

“ಹಾಗಾದ್ರೆ ಈಗ ಕೇಳ್ತೀನಿ” ಅಂದ. ಫ್ರಿಜ್ಜು, ಗೋಡೆ, ಟಿ.ವಿ. ಯಾವುದೂ ಅಲ್ಲಿರಲಿಲ್ಲ, ಅವಳ ಮುಖವನ್ನೇ ನೋಡಿದ. “ಅಂಗಡಿ ಬಿಟ್ಟು ನನ್ನ ಜೊತೆ ಬರ್ತೀಯಾ ನಳಿನಿ?”

“ಇಲ್ಲ ರೀ” ಅಂದಳು.

ಅವನು ತಲೆಯಾಡಿಸಿದ. ಪ್ಯಾಂಟು ಮಡಚಿ ಚೀಲಕ್ಕೆ ಹಾಕಿಕೊಂಡ.

“ಸರಿ. ಶುಕ್ರವಾರ ಸಂಜೆ ಬರ್ತೀನಿ. ಹುಳಿ ಮಾಡಿರ್ತೀಯಾ?”

“ಮಾಡಿರ್ತೀನಿ” ಅಂದಳು ನಳಿನಿ.